ಸೋಲಲೊಲ್ಲದ ವಾಲ್ದ್ರೂಸಾ

ಕವಿ ತಾದ್ದೆಯೊ ಹಾವುಮೀನಿನ ಕಡುಬಿಗೆ ಬಾಯಿ ಹಾಕಬೇಕು ಎನ್ನುವಷ್ಟರಲ್ಲಿ ದೊರೆಯ ಕಾರ್ಯದರ್ಶಿ ಪೊಂಪಿಲಿಯೊ ಬಂದು ಬಾಗಿಲಲ್ಲಿ ನಿಂತ.

"ಕವಿಗಳೇ, ಸಂಜೆ ಓದೋ ಸರ್ಗದಲ್ಲಿ ನಿಮ್ಮ ಕಾವ್ಯದ ವೀರಕನ್ಯೆ ವಾಲ್ದ್ರೂಸಾ ಸೋಲ್ಬೇಕು. ದೊರೆಗಳ ಮುತ್ತಜ್ಜನ ಕೈಲಿ. ಆಮೇಲೆ ಅವರನ್ನೇ ಮದುವೆ ಆಗ್ಬೇಕು."

"ಸೋಲೋದಾ? ಅವಳು ಶೀಲದ ಸಾಕಾರ ಕಣಯ್ಯಾ! ಇಷ್ಟು ಸರ್ಗದಲ್ಲಿ ಒಬ್ಬ ಗಂಡಸಿಗೂ ತಲೆಬಾಗಿಲ್ಲ."

"ಶೀಲ ಇರ್ಲಿ, ಯಾರು ಬೇಡ ಅಂದ್ರು? ಅವಳು ಮದುವೇನೇ ಆಗ್ದಿದ್ರೆ ನಮ್ಮ ದೊರೆಗಳು ಅವಳ ವಂಶದಲ್ಲಿ ಹುಟ್ಟೋದು ಹೆಂಗೆ?"

ಮಾತು ಸುಳ್ಳಲ್ಲ. ಇಟಲಿಯ ಪೊ ನದಿಯ ದಡದಲ್ಲಿ ಕವಿಯನ್ನು ಸಾಕುವ ಪ್ರತಿ ಮನೆತನಕ್ಕೂ ಕಾವ್ಯದಲ್ಲೊಬ್ಬಳು ವೀರ ಮೂಲಮಾತೆ ಬೇಕೇ ಬೇಕು. ಒಪ್ಪದಿದ್ದರೆ ನಾಳೆಯೇ ಊರು ಬಿಡಬೇಕೆಂದು ಹೇಳಿ, ಕಡುಬನ್ನೂ ಮುಗಿಸಿ ಪೊಂಪಿಲಿಯೊ ಹೋದ.

ತಾದ್ದೆಯೊ ಕ್ಷೌರದಂಗಡಿ ಮುಟ್ಟುವುದರೊಳಗೆ ಸುದ್ದಿ ಅಲ್ಲಿಗೆ ಮುಟ್ಟಿತ್ತು.

"ಮದುವೆ ಮಾಡ್ಬಿಡಿ ಸ್ವಾಮಿ," ಎಂದ ಕ್ಷೌರಿಕ ಬೆರ್ತೊ, ಕತ್ತಿಯನ್ನು ಅವನ ಗಂಟಲ ಮೇಲಿಟ್ಟು. "ವಯಸ್ಸಿಗೆ ಬಂದ ಹುಡುಗಿ ಎಷ್ಟು ದಿನ ಅಂತ ಕಾಡಲ್ಲಿ ಅಲೀತಾಳೆ?"

ಸರದಿಗೆ ಕೂತಿದ್ದ ಪಾದ್ರಿ ಅನ್ಸೆಲ್ಮೊ ಸಿಡುಕಿದರು: "ಮದುವೆ ಯಾಕೆ? ಕನ್ಯಾಮಠಕ್ಕೆ ಸೇರ್ಸಿ. ಅವಳು ಶಿರಸ್ತ್ರಾಣ ತೆಗೆದು ಕೂದಲು ಹರಡಿದಾಗಲೆಲ್ಲ ನಮ್ಮ ಸನ್ಯಾಸಿಗಳು ಪ್ರಾರ್ಥನೆ ಮರೀತಾರೆ!"

"ಅವಳ ಕೂದಲಿನ ತಂಟೆಗೆ ಯಾರೂ ಬರಬೇಡಿ!" ಎಂದು ತಾದ್ದೆಯೊ ಎದ್ದೇಬಿಟ್ಟ. ಒಂದು ಕೆನ್ನೆಯ ಗಡ್ಡ ಹಾಗೇ ಉಳಿಯಿತು.

ಸಂಜೆ ಅರಮನೆಯಲ್ಲಿ ಆ ಗಡ್ಡದಲ್ಲೇ ನಿಂತು ಓದಿದ. ಸರ್ಗದಲ್ಲಿ ದೊರೆಯ ಮುತ್ತಜ್ಜ ಈಟಿ ಹಿಡಿದು ಬಂದ. ವಾಲ್ದ್ರೂಸಾ ಅವನನ್ನು ಕುದುರೆಯಿಂದೆತ್ತಿ, ಒದ್ದೆ ಬಟ್ಟೆ ಎಸೆದ ಹಾಗೆ ಕೆಸರಿಗೆ ಎಸೆದಳು. ತಿರುಗಿಯೂ ನೋಡದೆ ಹೊರಟುಹೋದಳು.

ದೊರೆಯ ಮುಖ ಕೆಂಪಾಯಿತು. "ನಮ್ಮ ಮುತ್ತಜ್ಜ... ಕೆಸರಲ್ಲಿ?"

"ಮಹಾಪ್ರಭು, ಸೋಲೋ ಶೀಲ ಬೇಕಿದ್ರೆ ಬೇರೆ ಕವಿಯನ್ನ ನೋಡ್ಕೊಳ್ಳಿ. ನನ್ನ ಹುಡುಗಿ ಯಾರಿಗೂ ಬಗ್ಗಲ್ಲ!"

ಅಷ್ಟರಲ್ಲಿ ಚಪ್ಪಾಳೆ ಕೇಳಿಸಿತು. ರಾಣಿ ಎದ್ದು ನಿಂತಿದ್ದಳು.

"ಭೇಷ್ ಕವಿಗಳೇ! ಈ ಮನೆಗೆ ಸೊಸೆಯಾಗಿ ಬಂದಾಗಿಂದ ಇಂಥ ಪದ್ಯಕ್ಕೇ ಕಾಯ್ತಿದ್ದೆ. ನಿಮ್ಮನ್ನ ಊರು ಬಿಡಿಸೋಕೆ ನಾನು ಬಿಡಲ್ಲ."

ಹೆಂಡತಿಯ ಮುಂದೆ ದೊರೆ ತೆಪ್ಪಗಾದ. ತಾದ್ದೆಯೊನ ಕಣ್ಣು ತುಂಬಿ ಬಂತು. ಹುಡುಗಿ ಉಳಿದಳು, ಅನ್ನವೂ ಉಳಿಯಿತು.

ರಾಣಿ ಹತ್ತಿರ ಬಂದು ದನಿ ತಗ್ಗಿಸಿದಳು. "ಅಂಥವಳು ಇವರ ಮುತ್ತಜ್ಜನಿಗೆ ಸೋಲೋದಾ? ಎಲ್ಲಾದ್ರೂ ಉಂಟಾ! ಮುಂದಿನ ಸರ್ಗದಲ್ಲಿ ನನ್ನ ಮುತ್ತಜ್ಜ ಬರ್ತಾರೆ. ಒಂದೇ ಏಟಿಗೆ ಅವಳನ್ನ ಬೀಳ್ಸಿ. ಮದುವೆ ಮಾತ್ರ ಅದ್ದೂರಿಯಾಗಿರ್ಲಿ."

ತಾದ್ದೆಯೊ ಹಾಳೆಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಆಗಲ್ಲ ತಾಯಿ," ಎಂದವನೇ ಹೊರಬಿದ್ದು ಹೆಬ್ಬಾಗಿಲ ಕಾವಲುಗಾರನನ್ನು ಕೇಳಿದ:

"ಅಜ್ಜ ಮುತ್ತಜ್ಜ ಯಾರೂ ಇಲ್ದಿರೋ ದೊರೆ ಯಾವ ಊರಲ್ಲಿದಾನಪ್ಪಾ?"