ತಾರಸಿಯ ಮೇಲೆ ಒಣಗಿದ ತೋಟಾಗಳು

ಬಂದೂಕಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವನಿಗೆ ಧೈರ್ಯ ಇರಬೇಕೆಂದು ಜನ ತಿಳಿದಿದ್ದಾರೆ. ನಿಜವಾಗಿ ಬೇಕಾದದ್ದು ಮೇಲಧಿಕಾರಿ ಏನು ಹೇಳಿದರೂ ಆಡುವ ಕತ್ತು. ಅರವತ್ತರ ದಶಕದಲ್ಲಿ, ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲದಲ್ಲಿ, ನನಗೆ ಅಂಥ ಕತ್ತು ಇತ್ತು. ಕೆಲಸ ಮಾತ್ರ ಇನ್ನೂ ಖಾಯಂ ಆಗಿರಲಿಲ್ಲ.

ನಮ್ಮ ಸೂಪರಿಂಟೆಂಡೆಂಟ್ ಶೇಷಗಿರಿರಾಯರು ಒಂದು ದಿನ ಯಾವುದೋ ವಿದೇಶಿ ಪತ್ರಿಕೆ ಹಿಡಿದು ಬಂದರು. ತೋಟಾ ಎಂದರೆ ಹಿತ್ತಾಳೆಯ ಕೊಳವೆ, ಅದರೊಳಗೆ ಮದ್ದು, ತುದಿಯಲ್ಲಿ ಗುಂಡು. ಹೊರದೇಶದವರು ಈಗ ಕೊಳವೆಯನ್ನೇ ಕಿತ್ತೆಸೆದು, ಮದ್ದಿಗೇ ಅಂಟು ಹಾಕಿ ಗಟ್ಟಿ ಮಾಡಿ, ಗುಂಡನ್ನು ಅದಕ್ಕೇ ಸಿಕ್ಕಿಸುತ್ತಿದ್ದಾರಂತೆ. ಹಾರಿಸಿದರೆ ಎಲ್ಲ ಉರಿದುಹೋಗುತ್ತದೆ. ಸಿಪಾಯಿಗೆ ಭಾರ ಕಡಿಮೆ, ಹಿತ್ತಾಳೆಯೂ ಉಳಿಯಿತು. ತೊಂದರೆ ಎರಡೇ. ಬಿಸಿಯನ್ನು ಹೊತ್ತು ಆಚೆ ಬೀಳುವ ಕೊಳವೆ ಇಲ್ಲದ್ದರಿಂದ, ಕಾದ ಬಂದೂಕಿನಲ್ಲಿ ಮದ್ದು ತಾನಾಗಿಯೇ ಹೊತ್ತಿಕೊಳ್ಳಬಹುದು. ತೇವ ತಗುಲಿದರೆ ಕರಗಬಹುದು. "ಶಾಖಕ್ಕೂ ತೇವಕ್ಕೂ ಜಗ್ಗದ ಅಂಟು ಹುಡುಕಿ. ಸಿಕ್ಕಿದ್ರೆ ನಿಮ್ಮ ಖಾಯಮಾತಿಗೆ ನಾನೇ ಶಿಫಾರಸು ಮಾಡ್ತೀನಿ," ಎಂದರು. ಕತ್ತು ಆಡಿತು.

ಅಂಟು ಎಂದರೆ ನನಗೆ ಗೊತ್ತಿದ್ದುದು ಒಂದೇ: ನನ್ನ ಹೆಂಡತಿ ವಿಶಾಲು ಸಂಡಿಗೆಗೆ ಕಾಯಿಸುವ ಸಬ್ಬಕ್ಕಿ ಗಂಜಿ. ಕೈಗೆ ಮೆತ್ತಿದರೆ ಸೀಗೆಪುಡಿ ಹಾಕಿ ಉಜ್ಜಿದರೂ ಬಿಡದು. ಮದ್ದಿನ ಬದಲು ನುಣ್ಣನೆಯ ಮರದ ಹೊಟ್ಟನ್ನು ಅದರಲ್ಲಿ ಕಲಸಿ, ಬೆರಳುದ್ದದ ನಕಲಿ ತೋಟಾಗಳನ್ನು ಅಚ್ಚಿನಲ್ಲಿ ಒತ್ತಿ, ತಾರಸಿಯ ಮೇಲೆ ಅವಳ ಸಂಡಿಗೆಯ ಪಕ್ಕದಲ್ಲೇ ಇನ್ನೊಂದು ಪಂಚೆ ಹಾಸಿ ಒಣಗಿಸಿದೆ. ರಾಯರಿಗೆ "ಸಸ್ಯಮೂಲದ ಅಂಟು ಸಾರ್" ಎಂದೆ. ಅವರು ಹಿಗ್ಗಿಹೋಗಿ, ಭಾನುವಾರ ಊಟಕ್ಕೇ ಬಂದು ನೋಡುತ್ತೇನೆ ಎಂದರು.

ಶನಿವಾರ ಮಧ್ಯಾಹ್ನ ಯಡಿಯೂರು ಕೆರೆಯ ಕಡೆಯಿಂದ ಮಳೆ ನುಗ್ಗಿ ಬಂತು. ನಾನು ಕಾರ್ಖಾನೆಯಲ್ಲಿದ್ದೆ. ವಿಶಾಲು ಓಡಿಹೋಗಿ ಎರಡೂ ಪಂಚೆಗಳಲ್ಲಿದ್ದದ್ದನ್ನು ಬಾಚಿ ಒಂದೇ ಡಬ್ಬಿಗೆ ಸುರಿದಳು. ಸಂಡಿಗೆ ಉಳಿಯಿತೆಂಬ ಸಂತೋಷದಲ್ಲಿ ನನಗೆ ಹೇಳುವುದನ್ನೇ ಮರೆತಳು.

ಭಾನುವಾರ ಎಲೆಗೆ ಸಂಡಿಗೆ ಬಿತ್ತು. ರಾಯರು ಒಂದನ್ನು ಕಚ್ಚಿದರು. ಕಟಕ್ಕೆಂದಿತು. ಅವರ ದವಡೆ ನಿಂತಿತು. ಎಲೆಯ ಮೇಲೆ ಉಬ್ಬದೆ, ಬಿರಿಯದೆ, ನನ್ನ ಅಚ್ಚಿನ ಗೀರಿನ ಸಮೇತ ಇನ್ನೆರಡು ತೋಟಾಗಳು ಮಲಗಿದ್ದವು.

"ಹೇಗಿದೆ ಸಾರ್? ನಮ್ಮ ತವರುಮನೆ ಕಡೆ ಹದ," ಎಂದಳು ವಿಶಾಲು.

ಬಡಿಸಿದಾಕೆ ಎದುರಿಗೇ ನಿಂತಿರುವಾಗ ಎಲೆಯಲ್ಲಿ ಬಿಡುವುದಾಗಲಿ ಉಗಿಯುವುದಾಗಲಿ ರಾಯರ ಮನೆತನದಲ್ಲೇ ಇರಲಿಲ್ಲ. "ಸೊಗಸಾಗಿದೆಯಮ್ಮ," ಎಂದು ಒಂದು ಲೋಟ ನೀರಿನೊಂದಿಗೆ ನುಂಗಿದರು. ಮೆಚ್ಚಿದವರಿಗೆ ಮತ್ತೆ ಬಡಿಸದೆ ಬಿಡುವುದು ವಿಶಾಲುವಿನ ಮನೆತನದಲ್ಲಿ ಇರಲಿಲ್ಲ. ನಾನು ಕಣ್ಸನ್ನೆ ಮಾಡಿದೆ. ನನಗೂ ಬೇಕೆಂದುಕೊಂಡು ನನ್ನ ಎಲೆಗೂ ಎರಡು ಹಾಕಿದಳು.

ಚಪ್ಪಲಿ ಮೆಟ್ಟಿಕೊಂಡ ಮೇಲೆ ರಾಯರು ನನ್ನನ್ನು ಗೇಟಿನ ಬಳಿಗೆ ಕರೆದರು. "ಕಾದ ಎಣ್ಣೇಲಿ ಬಿದ್ರೂ ಜಗ್ಗಿಲ್ಲ. ಶಾಖದ ಪರೀಕ್ಷೆ ಪಾಸು ಕಣ್ರೀ," ಎಂದರು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ತೇವದ ಪರೀಕ್ಷೆ ಈಗ ಶುರುವಾಗಿದೆ. ಫಲಿತಾಂಶ ನಾಳೆ ಹೇಳ್ತೀನಿ."

ಸೋಮವಾರ ರಾಯರು ಕಾರ್ಖಾನೆಗೆ ಬರಲಿಲ್ಲ. ಕರಗದಿದ್ದರೆ ನನ್ನ ಕೆಲಸ ಖಾಯಂ. ಕರಗದಿದ್ದರೆ ರಾಯರ ಗತಿ ದೇವರೇ ಬಲ್ಲ. ಅವರ ಖಾಲಿ ಕುರ್ಚಿಯನ್ನು ನೋಡುತ್ತ ದಿನವಿಡೀ ಕೂತೆ. ತಾನು ಕಂಡುಹಿಡಿದದ್ದು ಹೇಗಾದರೂ ಕರಗಿಹೋಗಲಪ್ಪಾ ಎಂದು ದೇವರಿಗೆ ಹರಕೆ ಹೊತ್ತ ಸಂಶೋಧಕ ಬಹುಶಃ ಜಗತ್ತಿನಲ್ಲಿ ನಾನೊಬ್ಬನೇ.