ನಮ್ಮ ದೊಡ್ಡಪ್ಪನ ಗ್ರೀಕು, ಲ್ಯಾಟಿನ್ನು

ನಮ್ಮ ದೊಡ್ಡಪ್ಪನಿಗೆ ಒಂದು ಹುಚ್ಚು ಹಿಡಿದಿದೆ ಅಂತ ಹೊಳೆನರಸೀಪುರದಲ್ಲಿ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಲೆಕ್ಕ ತಪ್ಪು! ಹಿಡಿದಿರುವುದು ಎರಡು ಹುಚ್ಚು. ಒಂದು ಗ್ರೀಕು, ಇನ್ನೊಂದು ಲ್ಯಾಟಿನ್ನು. ಅದೂ ಎರಡು ಸಾವಿರ ವರ್ಷ ಹಳೆಯವು. ಒಂದೇ ಆಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಎರಡಿರುವುದರಿಂದ, ಅವಳಿ ಮಕ್ಕಳನ್ನು ನೋಡಲು ಬಂದ ನೆಂಟರ ಹಾಗೆ, ಹೊತ್ತು ಹುಟ್ಟಿದರೆ ಅದರ ಮೂಗು ಹೀಗೆ, ಇದರ ಮೂಗು ಹಾಗೆ ಅಂತ ಹೋಲಿಸುವುದೇ ಅವರ ಕೆಲಸ.

ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದರು. ಗಿಡಗಳ ಶಾಸ್ತ್ರೀಯ ಹೆಸರುಗಳಲ್ಲಿ ಅರ್ಧ ಗ್ರೀಕು, ಅರ್ಧ ಲ್ಯಾಟಿನ್ನು ತಾನೇ? ಹುಡುಗರು ಬಾಯಿಪಾಠ ಮಾಡಿ ಮರೆತರು, ಮೇಷ್ಟ್ರಿಗೆ ಅಂಟಿಕೊಂಡಿತು. ರಿಟೈರ್ ಆದ ಮೇಲೆ ಉಳಿದವರೆಲ್ಲ ಸೈಟು, ಶುಗರು ಅಂತ ಮಾತಾಡುತ್ತಿದ್ದರೆ ಇವರು ಎರಡು ದಪ್ಪ ವ್ಯಾಕರಣ ತರಿಸಿಕೊಂಡು ಗಟ್ಟಿಯಾಗಿ ಓದತೊಡಗಿದರು. ಬೀದಿಯವರು ಅದನ್ನು ಮಂತ್ರ ಅಂದುಕೊಂಡರು. ಒಬ್ಬಾಕೆ ಅಳುವ ಕೂಸನ್ನು ಎತ್ತಿಕೊಂಡು, ದೃಷ್ಟಿಯಾಗಿದೆ ಅಂತ ಬಂದೇಬಿಟ್ಟಳು. ದೊಡ್ಡಪ್ಪ ನಿರಾಸೆ ಮಾಡುವವರೇ? ಒಂದು ಲ್ಯಾಟಿನ್ ನಾಮಪದದ ಆರೂ ವಿಭಕ್ತಿ ಹೇಳಿ ಹಣೆಗೆ ವಿಭೂತಿ ಇಟ್ಟರು. ಕೂಸು ಅಳು ನಿಲ್ಲಿಸಿತು! ಆಮೇಲೆ ನಮಗೆ ಗುಟ್ಟಾಗಿ ಹೇಳಿದರು: "ಗ್ರೀಕಲ್ಲಿ ಐದೇ ವಿಭಕ್ತಿ. ಕೆಲಸ ಆಗ್ತಿರ್ಲಿಲ್ಲ."

ಬಸ್ಸಿನಲ್ಲಂತೂ ಅವರ ಪಕ್ಕ ಕೂತವನ ಪುಣ್ಯ ದೊಡ್ಡದು. ಒಮ್ಮೆ ಕೊಣನೂರಿಗೆ ಹೋಗುತ್ತಿದ್ದಾಗ ಶುಂಠಿ ಮೂಟೆಯವನೊಬ್ಬ ಸಿಕ್ಕಿದ. ಲ್ಯಾಟಿನ್ನು ಬಿಗಿ ಕೈಯ ಭಾಷೆ, ಬೇಕಾದಷ್ಟೇ ಮಾತು; ಗ್ರೀಕಿನಲ್ಲಿ ನಮ್ಮ 'ಕಣ್ಲಾ' ಥರದ ಪುಡಿ ಮಾತು ರಾಶಿರಾಶಿ ಅಂತ ದೊಡ್ಡಪ್ಪ ಶುರು ಮಾಡಿದರು. ಲ್ಯಾಟಿನ್ನವರು ಏಳಕ್ಕೆ ಸೆಪ್ಟೆಮ್ ಅಂದರೆ ಗ್ರೀಕರು ಹೆಪ್ಟ ಅಂತಾರೆ ಅನ್ನುವುದಕ್ಕೆ ಬಂದರು. ಅವನು ಸ್ವಲ್ಪ ಯೋಚಿಸಿ, "ನಮ್ ಕಡೆ ಆಗಿದ್ರೆ ಎಪ್ಟ ಅಂತಿದ್ವಿ ಸಾ" ಅಂದ. ಗ್ರೀಕರಲ್ಲೂ ಒಂದು ಕಡೆಯವರು ಹಕಾರ ನುಂಗುತ್ತಿದ್ದರಂತೆ! ದೊಡ್ಡಪ್ಪ ಅವನ ಕೈ ಹಿಡಿದುಕೊಂಡವರು ಬಿಡಲಿಲ್ಲ. ಅರಕಲಗೂಡಿನಲ್ಲಿ ಇಳಿಯಬೇಕಾದವನು ಶುಂಠಿ ಸಮೇತ ಕೊಣನೂರಿಗೆ ಹೋದ. ಬೈದನೇ? ಇಲ್ಲ, ಟೀ ಕುಡಿಸಿ ಕಳಿಸಿದನಂತೆ.

ಮನೆಯಲ್ಲಿ ಮಾತ್ರ ಈ ಆಟ ನಡೆಯುತ್ತಿರಲಿಲ್ಲ. ದೊಡ್ಡಮ್ಮ ಕೊತ್ತಂಬರಿ ತನ್ನಿ ಅಂದರೆ ಇವರು ಬಾಗಿಲಲ್ಲೇ ನಿಂತು, ಅದರ ಶಾಸ್ತ್ರೀಯ ಹೆಸರನ್ನು ಲ್ಯಾಟಿನ್ನವರು ಗ್ರೀಕರಿಂದ ಇಸ್ಕೊಂಡಿದ್ದು ಅಂತ ವಿವರಿಸುವರು. "ಅವ್ರು ಯಾರತ್ರಾದ್ರೂ ಇಸ್ಕೊಳ್ಲಿ, ನೀವು ಅಂಗಡೀಲಿ ತಗೊಂಬನ್ನಿ" ಅಂತ ದೊಡ್ಡಮ್ಮ ಚೀಲ ಕೈಗಿಡುವರು.

ಚನ್ನರಾಯಪಟ್ಟಣದ ಒಂದು ಆರತಕ್ಷತೆಯಲ್ಲಿ ಯಾರೋ ಪುಣ್ಯಾತ್ಮರು ಇವರ ಕೈಗೆ ಮೈಕು ಕೊಟ್ಟರು. ಲ್ಯಾಟಿನ್ನಲ್ಲಿ ಒಬ್ಬರು, ಇಲ್ಲವೇ ಹಲವರು; ಹಳೇ ಗ್ರೀಕಲ್ಲಿ ಬರೀ ಇಬ್ಬರಿಗೇ ಅಂತ ದ್ವಿವಚನ ಬೇರೆ ಇತ್ತು ಅಂತ ವಿವರಿಸಿ, "ಅದಕ್ಕೇ ಪ್ರೀತಿ ಗ್ರೀಕಲ್ಲಿ ಮಾಡಿ, ಖರ್ಚು ಬಿಗಿ ಕೈಯ ಲ್ಯಾಟಿನ್ನಲ್ಲಿ ಮಾಡಿ" ಅಂತ ಹರಸಿದರು. ಅಷ್ಟರಲ್ಲಿ ಊಟದ ಮೊದಲ ಪಂಕ್ತಿ ಎದ್ದಿತ್ತು. ಆದರೂ ಆ ಗಂಡು ಹೆಣ್ಣು ಈಗಲೂ ನೆನೆಸಿಕೊಂಡು ನಗುತ್ತಾರೆ.

ಹೋದ ವರ್ಷ ದೊಡ್ಡಮ್ಮನಿಗೆ ಸ್ಟ್ರೋಕ್ ಆಯಿತು. ಹಾಸನದ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕೈಕಾಲು ಸರಿಹೋದವು, ಮಾತು ಹೋಗಿತ್ತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಬರೀ ಉಸಿರು. ಬಂದರೂ ಬರಬಹುದು, ಬಾರದೆಯೂ ಇರಬಹುದು ಅಂತ ಮಾತು ಕಲಿಸುವ ಡಾಕ್ಟರಮ್ಮ ಹೇಳಿದಾಗ ನಾವೆಲ್ಲ ಅತ್ತೆವು. ದೊಡ್ಡಪ್ಪ ಅಳಲಿಲ್ಲ.

"ಆಡೋರೇ ಇಲ್ದಿರೋ ಎರಡು ಭಾಷೆ ಕಲ್ತಿದೀನಿ ಕಣಮ್ಮ" ಅಂತ ಡಾಕ್ಟರಮ್ಮನಿಗೆ ಅಂದರು. "ಇವ್ಳು ಎದುರಿಗೇ ಕೂತವ್ಳೆ."

ಅಂದಿನಿಂದ ಎರಡೂ ವ್ಯಾಕರಣ ಅಟ್ಟಕ್ಕೆ ಹೋದವು. ದಿನಾ ಬೆಳಗ್ಗೆ ಜಗುಲಿಯಲ್ಲಿ ಇಬ್ಬರೂ ಎದುರುಬದುರು. ಲೋಟ ತೋರಿಸಿ ಕಾಯುವರು, ಬಾಳೆಹಣ್ಣು ತೋರಿಸಿ ಕಾಯುವರು. ಬಸ್ಸಿನಲ್ಲಿ ಬಾಯಿ ಮುಚ್ಚದವರು ಹಾಗೆ ಸುಮ್ಮನೆ ಕಾಯುವರು. ಮನೆಯವರ ಫೋಟೋ ತೋರಿಸಿ ಹೆಸರು ಕೇಳಿ ಅಂತ ಡಾಕ್ಟರಮ್ಮ ಹೇಳಿದ್ದರು. ತಮ್ಮ ಫೋಟೋ ಬಂದಾಗ ಮಾತ್ರ ದೊಡ್ಡಪ್ಪ ಮಗುಚಿ ಇಡುವರು. ನಮ್ಮ ಕಡೆಯ ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದುಂಟೇ? ಚೆನ್ನಾಗಿದ್ದಾಗಲೇ ಹೇಳದವಳನ್ನು ಈಗ ಯಾಕೆ ಗೋಳುಹುಯ್ದುಕೊಳ್ಳಲಿ ಅನ್ನುವರು. ತಿಂಗಳುಗಳು ಹೋದವು, ಒಂದು ಮಾತೂ ಬರಲಿಲ್ಲ.

ಒಂದು ದಿನ ನಾನು ಹಾಸನದಿಂದ ಅವರ ಮನೆಗೆ ಹೋಗಿದ್ದೆ. ನಾನೂ ದೊಡ್ಡಮ್ಮನೂ ಜಗುಲಿಯಲ್ಲಿ ಕೂತಿದ್ದೆವು. ದೊಡ್ಡಪ್ಪ ಎದುರುಮನೆ ಸಂಪಿಗೆ ಮರ ಹೂ ಬಿಟ್ಟಿದ್ದನ್ನು ಕತ್ತೆತ್ತಿ ನೋಡುತ್ತಾ ರಸ್ತೆಯ ಮಧ್ಯಕ್ಕೆ ಹೋಗಿಬಿಟ್ಟಿದ್ದರು. ಇಟ್ಟಿಗೆ ಟ್ರ್ಯಾಕ್ಟರೊಂದು ಅವರ ಕಡೆಗೇ ಹಿಂದಕ್ಕೆ ಬರುತ್ತಿತ್ತು. ನಾನು ಎದ್ದು ಓಡಿದೆ.

ದೊಡ್ಡಮ್ಮ ಕೂಗಿದರು. ಇನಿಷಿಯಲ್ ಒಂದು ಬಿಟ್ಟು, ದೊಡ್ಡಪ್ಪನ ಪೂರ್ತಿ ಹೆಸರು!

ಟ್ರ್ಯಾಕ್ಟರು ನಿಂತಿತು. ಬೀದಿಯೆಲ್ಲ ತಿರುಗಿ ನೋಡಿತು. ದೊಡ್ಡಮ್ಮ ನಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದೊಡ್ಡಪ್ಪ ನಿಧಾನವಾಗಿ ಬಂದು ಅವರ ಪಕ್ಕ ಕೂತರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಇನ್ನೊಂದ್ಸಲ ಕರಿ" ಅಂದರು.

ದೊಡ್ಡಮ್ಮ ಅತ್ತ ಇತ್ತ ನೋಡಿ, ಸೆರಗು ತೆಗೆದು, ಇನ್ನೊಂದು ಸಲ ಕರೆದರು.