ಕೆರೆಯ ಪಾಚಿಗೆ ರಾಜ್ಯದ ಪಟ್ಟ

ಬೆರಗು ಎಂಬುದನ್ನು ಒಬ್ಬನೇ ಹೊಟ್ಟೆಯಲ್ಲಿಟ್ಟುಕೊಂಡು ಕೂರುವುದು ಬಹಳ ಕಷ್ಟ. ದುಃಖವನ್ನಾದರೂ ನುಂಗಬಹುದು, ಸಿಟ್ಟನ್ನು ಮನೆಗೆ ಒಯ್ದು ಹೆಂಡತಿಯ ಮೇಲೆ ಹಾಕಬಹುದು. ಆದರೆ ಕಂಡ ಚೆಂದವನ್ನು ಇನ್ನೊಬ್ಬನಿಗೆ ತೋರಿಸದ ಹೊರತು ಊಟ ಸೇರುವುದಿಲ್ಲ. ನನ್ನ ಮಟ್ಟಿಗಂತೂ ಆದದ್ದು ಹಾಗೆ. ಆಗ ನಾನು ಮೂಡಬಿದಿರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಹುಟ್ಟೂರು ಸಿದ್ಧಕಟ್ಟೆ, ವಾಸ ಪದ್ಮಕ್ಕ ಎಂಬ ಜೈನ ಹೆಂಗಸಿನ ಮನೆಯ ಹೊರಕೋಣೆಯಲ್ಲಿ. ಶಾಲೆಗೆ ಒಂದೇ ಒಂದು ಮೈಕ್ರೋಸ್ಕೋಪು. ಅದು ಹೆಡ್ಮಾಸ್ತರರ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿತ್ತು, ಇನ್‌ಸ್ಪೆಕ್ಟರು ಬಂದಾಗ ಮಾತ್ರ ಹೊರಗೆ ಬಂದು ಹೊಳೆಯುತ್ತಿತ್ತು.

ಒಮ್ಮೆ ಇನ್‌ಸ್ಪೆಕ್ಟರು ಹೋದ ಮೇಲೆ, ಅದು ಒಳಗೆ ಹೋಗುವ ಮೊದಲು, ಮನೆಯ ಹತ್ತಿರದ ಕೆರೆಯ ಹಸಿರು ನೀರಿನ ಒಂದು ಹನಿಯನ್ನು ಅದರಡಿ ಇಟ್ಟು ನೋಡಿದೆ. ಅಯ್ಯೋ, ಏನೆಂದು ಹೇಳಲಿ! ಹಸಿರು ಮುತ್ತಿನಂಥ ಒಂದು ಗುಂಡು ತನ್ನಷ್ಟಕ್ಕೆ ಉರುಳುತ್ತ ಬಂತು. ಹೆಸರು ವಾಲ್ವಾಕ್ಸ್, ಪಾಚಿಯದೇ ಒಂದು ಜಾತಿ. ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ. ಅದು ಒಂದು ಜೀವ ಅಲ್ಲ, ನೂರಾರು ಜೀವಕಣಗಳ ಸಂಸಾರ. ಒಂದೊಂದೂ ಎರಡೆರಡು ಕೂದಲೆಳೆಗಳನ್ನು ದೋಣಿಯ ಹುಟ್ಟಿನಂತೆ ಬೀಸುತ್ತದೆ, ಗುಂಡು ತಿರುಗುತ್ತದೆ. ಯಜಮಾನ ಇಲ್ಲ, ಜಗಳ ಇಲ್ಲ. ಒಳಗೆ ಪುಟ್ಟ ಪುಟ್ಟ ಮರಿಗುಂಡುಗಳು ಬೆಚ್ಚಗೆ ಕೂತು ಅವೂ ತಿರುಗುತ್ತಿವೆ. ನಾವು ದಿನಾ ಕಾಲು ಜಾರಿ ಬಯ್ಯುತ್ತಿದ್ದ ಕೆರೆಯ ಪಾಚಿಯ ಪಕ್ಕದಲ್ಲೇ ಇಂಥದೊಂದು ಲೋಕ ನಡೆದಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯೇನೂ ಇಲ್ಲ.

ಅದೇ ವಾರ ನಮ್ಮ ಮಾಸ್ತರರ ಸಂಘದ ಸಭೆ ಇತ್ತು. ರಾಜ್ಯ ಒಂದಾಗಿ ಹೆಚ್ಚು ಕಾಲ ಆಗಿರಲಿಲ್ಲ. ನಿನ್ನೆಯವರೆಗೆ ಮದರಾಸಿನವರಾಗಿದ್ದ ನಾವು ಈಗ ಮೈಸೂರಿನವರು. ಹೊಸ ರಾಜ್ಯಕ್ಕೆ ಒಂದು ಲಾಂಛನಜೀವಿಯನ್ನು ಸೂಚಿಸಿ ಸರಕಾರಕ್ಕೆ ಬರೆಯುವ ಎಂದು ಹೆಡ್ಮಾಸ್ತರರು ತೀರ್ಮಾನಿಸಿದ್ದರು. ಸರಕಾರ ನಮ್ಮನ್ನು ಕೇಳಿರಲಿಲ್ಲ ಎಂಬುದು ಬೇರೆ ಮಾತು. ಚರಿತ್ರೆಯ ಮಾಸ್ತರರು ಆನೆ ಎಂದರು. ಕನ್ನಡ ಪಂಡಿತರು ನವಿಲು ಎಂದರು. ನಾನು ಎದ್ದು ವಾಲ್ವಾಕ್ಸ್ ಎಂದೆ. ಬೇರೆ ಬೇರೆ ಕಡೆಯಿಂದ ಬಂದು ಒಂದಾದ ನಮ್ಮ ರಾಜ್ಯಕ್ಕೆ ಇದಕ್ಕಿಂತ ಒಳ್ಳೆಯ ಗುರುತು ಉಂಟೇ ಎಂದು ಆವೇಶದಿಂದ ಮಾತಾಡಿದೆ. ಪಾಚಿಯ ಧ್ವಜ ಹಾರಿಸಿದರೆ ಜಾರಿ ಬೀಳುವುದಿಲ್ಲವೇ ಎಂದು ಪಂಡಿತರು ಕೇಳಿದರು. ಸಭೆ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ನಾಳೆ ಎಲ್ಲರ ಕಣ್ಣಿಗೂ ತೋರಿಸುತ್ತೇನೆ, ಆಗದಿದ್ದರೆ ಆನೆಗೇ ಕೈ ಎತ್ತುತ್ತೇನೆ ಎಂದುಬಿಟ್ಟೆ.

ಸಂಜೆ ಒಂದು ಬಾಟಲಿ ಕೆರೆನೀರು ತಂದು ಕಿಟಕಿಯಲ್ಲಿಟ್ಟೆ. ಬೆಳಿಗ್ಗೆ ಗಡಿಬಿಡಿಯಲ್ಲಿ ಅದನ್ನು ಚೀಲಕ್ಕೆ ಹಾಕಿಕೊಂಡು ಶಾಲೆಗೆ ಓಡಿದೆ. ಹನಿಯನ್ನು ಗಾಜಿನ ಮೇಲಿಟ್ಟೆನಷ್ಟೆ, ಹೆಡ್ಮಾಸ್ತರರು ಬಂದು ಬಗ್ಗಿದರು. ಅವರಿಗಿಂತ ಮೊದಲು ನೋಡುವುದು ನಮ್ಮ ಶಾಲೆಯಲ್ಲಿ ಕ್ರಮವಲ್ಲ. ಬಹಳ ಹೊತ್ತು ನೋಡಿ, “ಕಂಡಿತು ಶೆಟ್ರೆ. ಕಪ್ಪು ಕಾಲುಗಳು. ಆಡಿಸ್ತಾ ಉಂಟು” ಎಂದರು. ಹೆಡ್ಮಾಸ್ತರರಿಗೆ ಕಂಡ ಮೇಲೆ ಉಳಿದವರಿಗೆ ಕಾಣದಿರುವುದುಂಟೇ? ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರಾಗಿ ಬೆರಗಾದರು. ಪಂಡಿತರಂತೂ ಕಾಲುಗಳ ಲಾಲಿತ್ಯವನ್ನು ವರ್ಣಿಸಿದರು. ಪ್ರಸ್ತಾಪ ಸರ್ವಾನುಮತದಿಂದ ಪಾಸಾಯಿತು. ಕೊನೆಗೆ ನಾನು ಬಗ್ಗಿದೆ. ನೀರು ತಿಳಿಯಾಗಿತ್ತು, ಒಂದು ಚುಕ್ಕೆ ಹಸಿರು ಇಲ್ಲ. ಕಣ್ಣು ಮಿಟುಕಿಸಿದಾಗ ಮಾತ್ರ ಕಪ್ಪು ಗೆರೆಗಳು ಆಡಿದವು. ಅವು ನನ್ನವೇ ರೆಪ್ಪೆಗೂದಲು.

ಮನೆಗೆ ಬಂದು ಪದ್ಮಕ್ಕನನ್ನು ವಿಚಾರಿಸಿದೆ. ಅವರ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಮುಟ್ಟುವುದಿಲ್ಲ. ಸೋಸಿದ ಬಟ್ಟೆಯನ್ನು ಜಾಲಾಡಿದ ನೀರನ್ನು ಯಾವ ಬಾವಿಯಿಂದ ತಂದರೋ ಅದೇ ಬಾವಿಗೆ ಬಿಡುತ್ತಾರೆ. ಕಣ್ಣಿಗೆ ಕಾಣದ ಜೀವ ಸಾಯಬಾರದೆಂದು. ನನ್ನ ಬಾಟಲಿಗೂ ಅದೇ ಕ್ರಮ ನಡೆದಿತ್ತು. ಮಾಸ್ತರರು ಕೊಳೆ ನೀರು ಕುಡಿದು ಜ್ವರ ಹಿಡಿಸಿಕೊಂಡಾರೆಂದು ಒಳ್ಳೆ ನೀರು ತುಂಬಿಸಿ ಇಟ್ಟಿದ್ದರು. ನನ್ನ ರಾಜ್ಯಲಾಂಛನ ಬೆಳಗಾಗುವ ಮೊದಲೇ ಕೆರೆ ಸೇರಿತ್ತು. ಏನೆಂದು ಸಿಟ್ಟು ಮಾಡುವುದು?

ಶನಿವಾರ ಹೆಡ್ಮಾಸ್ತರರನ್ನು ಕಾಡಿಬೇಡಿ ಮೈಕ್ರೋಸ್ಕೋಪನ್ನು ಮನೆಗೆ ತಂದೆ. ಪದ್ಮಕ್ಕನ ಎದುರೇ ಹನಿ ಇಟ್ಟು, ಗುಂಡು ಉರುಳುವುದನ್ನು ಕಂಡು ಖಚಿತಮಾಡಿಕೊಂಡು, ಅವರನ್ನು ಕರೆದೆ. ಅವರು ಮೊದಲು ಕೈಮುಗಿದು, ಆಮೇಲೆ ಬಗ್ಗಿದರು. ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂದರೂ ಕದಲಲಿಲ್ಲ.

“ಉಂಟು ಅಂತ ಗೊತ್ತಿತ್ತು ಮಾಷ್ಟ್ರೆ,” ಎಂದರು ಕೊನೆಗೆ. “ಇಷ್ಟು ಚೆಂದ ಉಂಟು ಅಂತ ಗೊತ್ತಿರ್ಲಿಲ್ಲ. ಬೇಗ ಕೆರೆಗೆ ಬಿಟ್ಟು ಬನ್ನಿ, ಪಾಪ, ಹೊಟ್ಟೆಯಲ್ಲಿ ಮಕ್ಕಳುಂಟು.”

ನನ್ನ ಬೆರಗಿಗೆ ಜೊತೆ ಸಿಕ್ಕಿತು. ಆ ಧೈರ್ಯದಲ್ಲಿ ಸೋಮವಾರ ಸಭೆ ಸೇರಿಸಿ, ಮೊನ್ನೆ ಕಂಡದ್ದು ರೆಪ್ಪೆಗೂದಲು, ನಿಜವಾದದ್ದು ಇದು ಎಂದು ಹೊಸ ಹನಿ ತೋರಿಸಿದೆ. ಹೆಡ್ಮಾಸ್ತರರು ನೋಡಿ ತಲೆಯಾಡಿಸಿದರು.

“ಇದಕ್ಕೆ ಕಾಲೇ ಇಲ್ಲವಲ್ಲ ಶೆಟ್ರೆ. ರೆಪ್ಪೆ ಅಂತೀರಿ, ನಮ್ಮೆಲ್ಲರ ರೆಪ್ಪೆಯೂ ಒಂದೇ ತರ ಇರ್ತದಾ? ಮೊನ್ನೆಯದ್ದೇ ಚೆಂದ ಇತ್ತು ಮಾರಾಯ್ರೆ.”

ಆದರೂ ಅವರು ನ್ಯಾಯವಂತರು, ಮತಕ್ಕೆ ಹಾಕಿದರು. ಕಾಲಿಲ್ಲದ ಹಸಿರು ಗುಂಡಿಗೆ ನನ್ನದಲ್ಲದೆ ಒಂದು ಕೈಯೂ ಏಳಲಿಲ್ಲ. ಮೊನ್ನೆಯದ್ದಕ್ಕೆ ಉಳಿದ ಎಲ್ಲರ ಕೈಗಳೂ ಎದ್ದವು. ಪಕ್ಕದಲ್ಲಿದ್ದ ಪಂಡಿತರು, ಪ್ರಸ್ತಾಪ ತಂದವರೇ ಸುಮ್ಮನೆ ಕೂತರೆ ಚೆಂದ ಕಾಣುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದರು. ಅದೂ ಸರಿ ಎನಿಸಿತು. ರೆಪ್ಪೆಗೂದಲಿಗೆ ಬಿದ್ದ ಕಟ್ಟಕಡೆಯ ಮತ ನನ್ನದು.